ನೆಟ್ ಹೋದ ಕೂಡಲೇ ಸ್ವಿಚ್ಚಿಗೆ ಕೈ ಹಾಕಬೇಡಿ

ಮಳೆಗಾಲ ಶುರುವಾಯ್ತು ಅಂದ್ರೆ ಕಾರವಾರದಿಂದ ಭಟ್ಕಳದವರೆಗೆ, ಘಟ್ಟದ ಮೇಲೆ ಶಿರಸಿಯಲ್ಲೂ ಒಂದೇ ದೂರು: ವೈಫೈ ಪದೇ ಪದೇ ಕಟ್ ಆಗ್ತದೆ. ಮದ್ದೂ ಒಂದೇ, ರೂಟರ್ ಆಫ್ ಮಾಡಿ ಆನ್ ಮಾಡೋದು. ನನ್ನ ಕೇಳಿದ್ರೆ ಅದು ಕೊನೆಗೆ ಮಾಡಬೇಕಾದ ಕೆಲಸ. ಆಫ್ ಮಾಡಿದ್ರೆ ಏನಾಗಿತ್ತು ಅನ್ನೋ ಸುಳಿವೇ ಹೋಗ್ತದೆ.

ಕಟ್ ಆದ ಹೊತ್ತಿಗೇ ರೂಟರಿನ ಲೈಟುಗಳನ್ನು ನೋಡಿ. ಆಮೇಲೆ ಮೊಬೈಲ್ ಡೇಟಾ ಬಂದ್ ಮಾಡಿ, ಬ್ರೌಸರಿನಲ್ಲಿ ರೂಟರಿನ ವಿಳಾಸ 192.168.1.1 ಹಾಕಿ. ರೂಟರಿನ ಅಡಿ ಚೀಟಿಯಲ್ಲಿ ಬೇರೆ ನಂಬರ್ ಇದ್ರೆ ಅದನ್ನೇ ಹಾಕಿ. ಲಾಗಿನ್ ಪುಟ ಬಂತೋ, ವೈಫೈ ಸರಿ ಇದೆ, ಹೊರಗಿನ ಲೈನ್ ನೋಡಬೇಕು. ಬರಲಿಲ್ಲವೋ, ತೊಂದರೆ ಮನೆಯೊಳಗೇ.

ಎಲ್‌ಓಎಸ್ (ಸಿಗ್ನಲ್ ಇಲ್ಲ ಅನ್ನೋ ಸೂಚನೆ) ಲೈಟ್ ಕೆಂಪಾಗಿದ್ರೆ ಫೈಬರಿನಲ್ಲಿ, ಅಂದ್ರೆ ಹೊರಗಿಂದ ನೆಟ್ ತರುವ ಗಾಜಿನೆಳೆಯ ಕೇಬಲ್ಲಿನಲ್ಲಿ, ಬೆಳಕು ಬರ್ತಾ ಇಲ್ಲ. ಗಾಳಿ ಬಂದಾಗ ಕೆಂಪಾಗಿ, ನಿಂತ ಮೇಲೆ ತಾನಾಗಿ ಸರಿಯಾಗ್ತಿದ್ರೆ ಅಡಿಕೆ ಮರಕ್ಕೋ ತೆಂಗಿನ ಮರಕ್ಕೋ ಕಟ್ಟಿದ ಕೇಬಲ್ ಎಳೆತಕ್ಕೆ ಸಿಕ್ಕಿರ್ತದೆ. ಒಳಗಿನ ತೆಳು ಕೇಬಲ್ಲನ್ನೂ ನೋಡಿ, ಕಪಾಟಿನ ಹಿಂದೆ ಒತ್ತಿ ಮಡಚಿದ್ರೆ ನೆಟ್ ಕಟ್ ಆಗೋಕೆ ಅಷ್ಟೇ ಸಾಕು. ಸುತ್ತುವಾಗ ಸುರುಳಿ ಅಂಗೈ ಅಗಲಕ್ಕಿಂತ ಸಣ್ಣದಾಗದಿರಲಿ. ಹಸಿರು ಪಿನ್ ಕಿತ್ತು ತುದಿಗೆ ಬೆರಳು ತಾಗಿಸಬೇಡಿ, ಅದರೊಳಗೆ ಇಣುಕಲೂಬೇಡಿ. ರೂಟರ್ ಪುಟದಲ್ಲಿ ಆರ್‌ಎಕ್ಸ್ ಪವರ್ ಅಂತ ಇರ್ತದೆ, ರೂಟರಿಗೆ ತಲುಪುವ ಬೆಳಕು ಎಷ್ಟು ಅನ್ನೋ ಲೆಕ್ಕ. ಅದು -15ರಿಂದ -25 ಡಿಬಿಎಂ (ಬೆಳಕಿನ ಬಲದ ಅಳತೆ) ಒಳಗಿದ್ರೆ ಚಿಂತೆ ಇಲ್ಲ, -27ಕ್ಕಿಂತ ಕೆಳಗೆ, -28, -29 ಹೀಗೆ ಇಳಿದ್ರೆ ಕಟ್ ಆಗೋದೇ. ದೂರು ಕೊಡುವಾಗ 'ನೆಟ್ ಬರ್ತಿಲ್ಲ' ಅನ್ನೋ ಬದಲು ಈ ನಂಬರ್ ಹೇಳಿ, ಲೈನ್‌ಮನ್ ಮೀಟರ್ ಹಿಡಿದೇ ಬರ್ತಾರೆ.

ಎಲ್ಲಾ ಲೈಟೂ ಒಮ್ಮೆಗೇ ಆರಿ ಹತ್ತಿದ್ರೆ ಅದು ಕರೆಂಟಿನ ಕತೆ. ಇನ್ವರ್ಟರ್ ಬದಲಾಗುವ ಕ್ಷಣಕ್ಕೂ ರೂಟರ್ ರೀಸ್ಟಾರ್ಟ್ ಆಗ್ಬಹುದು. ಮತ್ತೆ ನೆಟ್ ಬರೋಕೆ ಎರಡು ಮೂರು ನಿಮಿಷ ಬೇಕು. ರೂಟರ್ 12 ವೋಲ್ಟಿನದ್ದಾದ್ರೆ 12 ವೋಲ್ಟಿನ ಮಿನಿ ಯುಪಿಎಸ್ (ರೂಟರಿಗೆ ಮಾತ್ರ ಕರೆಂಟ್ ಕೊಡುವ ಪುಟ್ಟ ಬ್ಯಾಟರಿ) ಹಾಕಿ. ಹಳೇ ಅಡಾಪ್ಟರ್ ಸೋತಿದ್ರೆ ಅಷ್ಟೇ ವೋಲ್ಟಿನ, ಅಷ್ಟೇ ಅಥವಾ ಹೆಚ್ಚು ಆಂಪಿಯರಿನದ್ದನ್ನು ತನ್ನಿ. ಪಿನ್ನಿನ ಅಳತೆ, ಪ್ಲಸ್ ಮೈನಸ್ ಕೂಡ ಹೊಂದಬೇಕು.

ಇನ್ನು ಒಳಕೋಣೆಯಲ್ಲಿ ಮಾತ್ರ ಕಟ್ ಆಗ್ತದೆ ಅನ್ನೋರು. ನಮ್ಮ ಕಡೆಯ ದಪ್ಪ ಚಿರೆಕಲ್ಲಿನ ಗೋಡೆ, ಅದೂ ಮಳೆಗೆ ನೆನೆದದ್ದು, ವೈಫೈನ ಎರಡು ತರಂಗಗಳಲ್ಲಿ 5 ಗಿಗಾಹರ್ಟ್ಸನ್ನು ಒಳಗೆ ಬಿಡೋದು ಕಷ್ಟ. ಅಲ್ಲಿಗೆ ಇನ್ನೊಂದನ್ನು, 2.4 ಗಿಗಾಹರ್ಟ್ಸನ್ನೇ ಬಳಸಿ. ಎರಡಕ್ಕೂ ಬೇರೆ ಹೆಸರು ಕೊಟ್ರೆ ಫೋನ್ ಅತ್ತಿತ್ತ ಹಾರೋದು ನಿಲ್ತದೆ. ಅಪಾರ್ಟ್‌ಮೆಂಟಿನಲ್ಲಿ ಪಕ್ಕದ ಮನೆಗಳ ವೈಫೈ ಅಡ್ಡ ಬರದಂತೆ 2.4ಕ್ಕೆ ಚಾನೆಲ್ 1, 6, 11ರಲ್ಲಿ ಖಾಲಿ ಇರೋದನ್ನು ರೂಟರ್ ಪುಟದಲ್ಲಿ ಆರಿಸಿ, ಅಗಲ 20 ಮೆಗಾಹರ್ಟ್ಸ್ ಇಡಿ. ತೋಟದ ಒಂಟಿ ಮನೆಗೆ ಆ ಉಸಾಬರಿ ಬೇಡ.

ವೈಫೈ ಸಿಗ್ನಲ್ ಹಿಡಿದು ಮುಂದೆ ದಾಟಿಸುವ ಬೂಸ್ಟರಿಗೆ ದುಡ್ಡು ಸುರಿಯೋದು ನನಗೆ ಒಪ್ಪಿಗೆ ಇಲ್ಲ. ಸಿಗ್ನಲ್ ಸಿಗದ ಮೂಲೆಯಲ್ಲಿ ಇಟ್ರೆ ಅದಕ್ಕೂ ಸಿಗ್ನಲ್ ಸಿಗೋದಿಲ್ಲ. ಒಳಕೋಣೆಗೆ ರೂಟರಿನಿಂದ ಕ್ಯಾಟ್ 6 ಕೇಬಲ್ (ತಾಮ್ರದ ನೆಟ್‌ವರ್ಕ್ ತಂತಿ) ಎಳೆದು ಇನ್ನೊಂದು ಆಕ್ಸೆಸ್ ಪಾಯಿಂಟ್, ಅಂದ್ರೆ ಅಲ್ಲೇ ವೈಫೈ ಕೊಡುವ ಪೆಟ್ಟಿಗೆ, ಹಾಕಿ. 100 ಮೀಟರ್ ತನಕ ನಡೀತದೆ. ಆದ್ರೆ ಅಂಗಳ ದಾಟಿಸಿ ಕೊಟ್ಟಿಗೆಗೋ ಔಟ್‌ಹೌಸಿಗೋ ತಾಮ್ರದ ಕೇಬಲ್ ಎಳೀಬೇಡಿ, ಸಿಡಿಲಿಗೆ ಎರಡೂ ಕಡೆಯ ಪೆಟ್ಟಿಗೆ ಸುಡ್ತದೆ. ಅಲ್ಲಿಗೆ ಫೈಬರೇ ಆಗಬೇಕು.