ಬೆಂಗಳೂರಿನಾಚೆ, ಸೋಮವಾರ ಬಿಟ್ಟು

ಬೆಂಗಳೂರಿನಿಂದ ಡಲ್ಲಾಸ್‌ಗೆ ಕೆಲಸಕ್ಕೆ ಹೊರಟವನಿಗೆ ಜನ ಹಾರ ಹಾಕುತ್ತಾರೆ. ಹುಬ್ಬಳ್ಳಿಗೆ ಹೊರಟವನ ಮನೆಗೆ ಸೂತಕದ ಮನೆಗೆ ಬಂದ ಹಾಗೆ ದನಿ ತಗ್ಗಿಸಿಕೊಂಡು ಬಂದು, "ಯಾಕಪ್ಪಾ, ಏನಾಯ್ತು?" ಎನ್ನುತ್ತಾರೆ.

ಸರ್ಕಾರಕ್ಕೆ ಮಾತ್ರ ಈ ಪ್ರಯಾಣ ಬಹಳ ಇಷ್ಟ. ಮೈಸೂರು, ಮಂಗಳೂರು, ಹುಬ್ಬಳ್ಳಿ-ಧಾರವಾಡ-ಬೆಳಗಾವಿಗೆ ಐಟಿ ಕಂಪನಿಗಳನ್ನು ಒಯ್ಯುವ ಯೋಜನೆಗೆ ಅದು ಇಟ್ಟ ಹೆಸರು 'ಬಿಯಾಂಡ್ ಬೆಂಗಳೂರು'. ಹುಬ್ಬಳ್ಳಿಗೆ ಹುಬ್ಬಳ್ಳಿ ಎಂಬ ಒಳ್ಳೆಯ ಹೆಸರೇ ಇದೆ. ಆದರೂ ಯೋಜನೆಯ ಕಡತದಲ್ಲಿ ಅದು ಗೌಡರ ಹಿತ್ತಿಲಿನಾಚೆ ಇರುವ ಜಾಗದ ಹಾಗೆ, ಬೆಂಗಳೂರಿನಾಚೆ ಎಲ್ಲೋ ಇರುವ ಊರು.

ಸಂಬಳದ ಲೆಕ್ಕವೂ ಆ ಹಿತ್ತಿಲಿನಿಂದಲೇ ಶುರು. ಬೆಂಗಳೂರಿನಲ್ಲಿ ವರ್ಷಕ್ಕೆ 18 ಲಕ್ಷ ಇತ್ತು ಅನ್ನಿ. ಹೊಸ ಕಂಪನಿಯ ಎಚ್‌ಆರ್ 'ಟೈಯರ್-2 ಅಡ್ಜಸ್ಟ್‌ಮೆಂಟ್', ಅಂದರೆ ಎರಡನೆಯ ಸಾಲಿನ ಊರಿನ ಹೊಂದಾಣಿಕೆ, ಎಂದು 20 ಪರ್ಸೆಂಟ್ ಕತ್ತರಿಸಿ 14.40 ಲಕ್ಷ ಬರೆಯುತ್ತದೆ. ಕಾರಣ, "ಅಲ್ಲಿ ಖರ್ಚು ಕಡಿಮೆ ಅಲ್ವಾ?" ಕಡಿಮೆಯಾಗುವುದು ಬಾಡಿಗೆ. 30,000ದ ಮನೆ 14,000ಕ್ಕೆ ಸಿಕ್ಕಿತು ಅಂದರೆ ವರ್ಷಕ್ಕೆ ಉಳಿತಾಯ 1.92 ಲಕ್ಷ, ಕತ್ತರಿ ಬಿದ್ದದ್ದು 3.60 ಲಕ್ಷ. ತೆರಿಗೆ ಇಳಿದದ್ದನ್ನು ಲೆಕ್ಕಕ್ಕೆ ಹಿಡಿದರೂ ಲಕ್ಷದ ಆಸುಪಾಸು ಖೋತಾ. ಪೆಟ್ರೋಲ್, ಮೊಬೈಲು, ಚಿನ್ನ, ಕಾರಿನ ಕಂತು ಇವಕ್ಕೆಲ್ಲ ಹುಬ್ಬಳ್ಳಿ ಟೈಯರ್-2 ಎಂಬ ಸುದ್ದಿ ಇನ್ನೂ ಮುಟ್ಟಿಲ್ಲ.

ತಮಾಷೆ ಇದ್ದದ್ದು ಆದಾಯ ತೆರಿಗೆಯ ಪುಸ್ತಕದಲ್ಲಿ. 1962ರ ನಿಯಮಗಳ ಪ್ರಕಾರ ಮನೆ ಬಾಡಿಗೆ ಭತ್ಯೆಯ ವಿನಾಯಿತಿಗೆ ಸಂಬಳದ 50 ಪರ್ಸೆಂಟ್ ಮಿತಿ ಇದ್ದದ್ದು ಮುಂಬೈ, ದೆಹಲಿ, ಕೋಲ್ಕತ್ತ, ಚೆನ್ನೈಗೆ. ದಶಕಗಳ ಕಾಲ ಬೆಂಗಳೂರಿಗೂ 40, ಹುಬ್ಬಳ್ಳಿಗೂ 40. ವಿನಾಯಿತಿ ಕೊಡುವಾಗ ಎರಡೂ ಒಂದೇ ಪಂಕ್ತಿಯಲ್ಲಿದ್ದವು, ಸಂಬಳ ಬಡಿಸುವಾಗ ಮಾತ್ರ ಎಲೆ ಬೇರೆ.

ಸರಿ, ಆಫರ್ ಒಪ್ಪಿಕೊಂಡಿರಿ. ಬೆಂಗಳೂರು ನಿಮ್ಮನ್ನು ಬಿಡಬೇಕಲ್ಲ? ಬರುವಾಗ ಒಂದು ಸೂಟ್‌ಕೇಸು ಸಾಕಿತ್ತು, ಹೋಗುವಾಗ ಮನೆ ಓನರ್ ಕೃಪೆಯೂ ಬೇಕು. ಹತ್ತು ತಿಂಗಳ ಅಡ್ವಾನ್ಸ್ ಮೂರು ಲಕ್ಷ ಅವರ ಕೈಯಲ್ಲಿದೆ. ಬ್ಯಾಂಕಿನಲ್ಲಿ 7 ಪರ್ಸೆಂಟ್‌ಗೆ ಇಟ್ಟಿದ್ದರೆ ವರ್ಷಕ್ಕೆ 21,000 ಬಡ್ಡಿ ಬರುತ್ತಿತ್ತು. ಆ ಬಡ್ಡಿಯ ವಿಷಯ ಎತ್ತುವವನು ಬೆಂಗಳೂರಿನ ಬಾಡಿಗೆದಾರನೇ ಅಲ್ಲ. ಕೇಂದ್ರ ಸಂಪುಟ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಮುಂಗಡ ಕೂಡದು ಎಂದಿದೆ. ಅದು ಮಾದರಿ. ಶಾಲೆಯ ವಿಜ್ಞಾನ ಮೇಳದಲ್ಲಿ ಇಡುವ ಜ್ವಾಲಾಮುಖಿಯೂ ಮಾದರಿಯೇ, ಅದರಿಂದ ಯಾರ ಕೈಯೂ ಸುಡುವುದಿಲ್ಲ.

ಆ ಅಡ್ವಾನ್ಸಿಗೆ ಬೀಳುವ ಮೊದಲ ಕತ್ತರಿ ಪೇಂಟಿಂಗಿನದು, ಒಂದು ತಿಂಗಳ ಬಾಡಿಗೆ. ಮೂರು ವರ್ಷ ಇದ್ದರೂ ಅಷ್ಟೇ, ಹನ್ನೊಂದು ತಿಂಗಳಿಗೇ ಬಿಟ್ಟರೂ ಅಷ್ಟೇ. ಬಣ್ಣ ಬಳಿಯದಿದ್ದರೂ ಅಷ್ಟೇ. ಆಮೇಲೆ ಮೊಳೆಯ ತೂತು, ಸೋರುವ ಶವರ್, ನೀವು ಬರುವ ಮೊದಲೇ ಸೀಳಿದ್ದ ವಾಶ್‌ಬೇಸಿನ್ನು. ಮನೆಗೆ ಕಾಲಿಟ್ಟ ದಿನವೇ ಪ್ರತಿ ಗೋಡೆ, ಪ್ರತಿ ನಲ್ಲಿಯ ವಿಡಿಯೋ ತೆಗೆದು ಓನರ್‌ಗೆ ವಾಟ್ಸ್ಯಾಪ್ ಮಾಡಿದವರಿಗೆ ಇಲ್ಲಿ ವಾದಿಸಲು ಏನೋ ಇರುತ್ತದೆ. ಉಳಿದವರು ಪಟ್ಟಿಯ ಕೆಳಗಿನ ಮೊತ್ತ ನೋಡಿ ನಮಸ್ಕಾರ ಹಾಕುತ್ತಾರೆ. ಆ ಮೊತ್ತವೂ ತಕ್ಷಣ ಕೈಗೆ ಬರುವುದಿಲ್ಲ. "ಹೊಸಬರು ಅಡ್ವಾನ್ಸ್ ಕೊಡ್ಲಿ, ನಿಮ್ದು ಕೊಡ್ತೀನಿ." ನಿಮ್ಮ ಮೂರು ಲಕ್ಷ ಹಿಂದಿನವನಿಗೆ ಹೋಗಿದೆ, ಮುಂದಿನವನದು ನಿಮಗೆ ಬರಬೇಕು. ಇದೇ ಕೆಲಸವನ್ನು ಚಿಟ್ ಫಂಡ್ ಮಾಡಿದರೆ ಪೊಲೀಸರು ಬರುತ್ತಾರೆ.

ನೋಟಿಸಿನ ಲೆಕ್ಕವೂ ಕೂಡಿ ಬರುವುದಿಲ್ಲ. ಹಳೆಯ ಕಂಪನಿಗೆ 90 ದಿನ ಬೇಕು, ಹೊಸದಕ್ಕೆ ನೀವು 30 ದಿನದಲ್ಲಿ ಬೇಕು, ಓನರ್‌ಗೆ ಎರಡು ತಿಂಗಳು ಬೇಕು. ಮೂರನ್ನೂ ಸರಿದೂಗಿಸುವ ಪಂಚಾಂಗ ಯಾವ ಮಠವೂ ಹೊರಡಿಸಿಲ್ಲವಾದ್ದರಿಂದ ಒಂದೆರಡು ತಿಂಗಳು ಎರಡೂ ಊರಿನಲ್ಲಿ ಬಾಡಿಗೆ ಕಟ್ಟುತ್ತೀರಿ.

ಗ್ಯಾಸಿನದು ಚಿಕ್ಕ ಕಥೆ. ಸಿಲಿಂಡರು, ರೆಗ್ಯುಲೇಟರು ಬೆಂಗಳೂರಿನ ಏಜೆನ್ಸಿಗೆ ಮರಳಿಸಿ ವೋಚರ್ ಪಡೆದು ಹುಬ್ಬಳ್ಳಿಯಲ್ಲಿ ತೋರಿಸಬೇಕು. 2022ರ ಜೂನ್‌ನಲ್ಲಿ 14.2 ಕೆಜಿ ಸಿಲಿಂಡರಿನ ಠೇವಣಿ 1,450ರಿಂದ 2,200 ಆಯಿತು. ಹಳೆಯ ಗಿರಾಕಿಗೆ ಹಿಂತಿರುಗುವುದು ಹಳೆಯ 1,450, ಕಟ್ಟಬೇಕಾದ್ದು ಹೊಸ 2,200. ಸಿಲಿಂಡರು ಮಾತ್ರ ಅದೇ ತುಕ್ಕಿನದು. ಉಚಿತ ಕರೆಂಟಿನ ಗೃಹಜ್ಯೋತಿಯನ್ನೂ ಹಳೆಯ ಮನೆಯ ಆರ್‌ಆರ್ ನಂಬರಿನಿಂದ ಡಿ-ಲಿಂಕ್ ಮಾಡಿ ಹೊರಡಿ. ಇಲ್ಲದಿದ್ದರೆ ಹುಬ್ಬಳ್ಳಿಯಲ್ಲಿ ಅರ್ಜಿ ಹಾಕುವಾಗ ನೀವು ಇನ್ನೂ ಬೆಂಗಳೂರಿನಲ್ಲಿ ಬೆಳಗುತ್ತಿರುತ್ತೀರಿ.

ಲಾರಿಗೆ ಸಾಮಾನು ಹೇರುವಾಗ ಫ್ರಂಟ್‌ಲೋಡ್ ವಾಶಿಂಗ್ ಮೆಷಿನ್ನಿನ ಹಿಂಬದಿ ನೋಡಿ: ಟ್ರಾನ್ಸಿಟ್ ಬೋಲ್ಟ್ ಹಾಕುವ ಮೂರ್ನಾಲ್ಕು ತೂತುಗಳಿರುತ್ತವೆ. ಡ್ರಮ್ ಅಲುಗದಂತೆ ಹಿಡಿಯುವ ಆ ಬೋಲ್ಟುಗಳನ್ನು ಇನ್‌ಸ್ಟಾಲ್ ಮಾಡಿದ ದಿನ ಬಿಚ್ಚಿ ಕೈಗೆ ಕೊಟ್ಟಿದ್ದರು, ನೀವು ಯಾವುದೋ ಡಬ್ಬಿಗೆ ಹಾಕಿದಿರಿ, ಆ ಡಬ್ಬಿ ದೀಪಾವಳಿಯ ಕಸದ ಜೊತೆ ಹೋಯಿತು. ಬೋಲ್ಟಿಲ್ಲದ ಡ್ರಮ್ಮು 400 ಕಿಲೋಮೀಟರ್ ಹೆದ್ದಾರಿಯ ಪ್ರತಿ ಉಬ್ಬಿಗೂ ಸ್ಪ್ರಿಂಗಿನ ಮೇಲೆ ಜಿಗಿಯುತ್ತದೆ. ಹುಬ್ಬಳ್ಳಿಯಲ್ಲಿ ಮೊದಲ ಸ್ಪಿನ್‌ಗೆ ಮೆಷಿನ್ನು ಬಚ್ಚಲಿನಿಂದ ಹಾಲಿಗೆ ನಡೆದು ಬರುತ್ತದೆ.

ಇನ್ನು ನೀರು. ಇಲ್ಲಿ ನಲ್ಲಿ 'ನಳ' ಆಗುತ್ತದೆ, ನಳ ಪಾಳಿಯಲ್ಲಿ ಬರುತ್ತದೆ. ವಿಶ್ವಬ್ಯಾಂಕಿನ ನೆರವಿನಲ್ಲಿ 2008ರ ಹೊತ್ತಿಗೇ ಹುಬ್ಬಳ್ಳಿ-ಧಾರವಾಡದ ಆಯ್ದ ವಾರ್ಡುಗಳಿಗೆ ದಿನದ 24 ಗಂಟೆಯೂ ನೀರು ಕೊಟ್ಟು ತೋರಿಸಿದರು. ತೋರಿಸಿದ್ದು ನಿಜ, ಎಲ್ಲರೂ ನೋಡಿದ್ದೂ ನಿಜ. ಉಳಿದ ಎಷ್ಟೋ ವಾರ್ಡುಗಳು ಬಹುಕಾಲ ಬರೀ ನೋಡುತ್ತಲೇ ಇದ್ದವು. ಹಾಗಾಗಿ ಮನೆ ಹುಡುಕುವಾಗ ಮಾಡ್ಯುಲರ್ ಕಿಚನ್ ಕೇಳಬೇಡಿ, ಸಂಪಿನ ಮುಚ್ಚಳ ಎತ್ತಿಸಿ ನೋಡಿ. ನಾಲ್ಕು ಜನ, ತಲೆಗೆ ದಿನಕ್ಕೆ 100 ಲೀಟರ್, ಪಾಳಿ ಎಂಟು ದಿನಕ್ಕೊಮ್ಮೆ ಅಂದರೆ 3,200 ಲೀಟರ್. ಐದಡಿ ಉದ್ದ, ಐದಡಿ ಅಗಲ, ಐದಡಿ ಆಳದ ಸಂಪಿನಲ್ಲಿ ಸುಮಾರು 3,500 ಹಿಡಿಯುತ್ತದೆ. ಮೇಲೆ ಸಾವಿರ ಲೀಟರಿನ ಸಿಂಟೆಕ್ಸ್ ಒಂದೇ ಇದ್ದು ಕೆಳಗೆ ಸಂಪಿಲ್ಲದ ಮನೆ ಮೂರನೆಯ ದಿನವೇ ಟ್ಯಾಂಕರಿಗೆ ಫೋನ್ ಮಾಡುತ್ತದೆ. ಸಂಪು ತುಂಬಿದೊಡನೆ ಒಳಹರಿವನ್ನು ತಾನೇ ನಿಲ್ಲಿಸುವ ಫ್ಲೋಟ್ ವಾಲ್ವ್ ಇದೆಯೇ ಎಂದೂ ನೋಡಿ. ಪಾಳಿ ಹಗಲೇ ಬರಬೇಕೆಂದೇನೂ ಇಲ್ಲ. ವಾಲ್ವ್‌ಮನ್ ಕೀಲಿ ತಿರುವುವುದು ರಾತ್ರಿ ಎರಡಕ್ಕೂ ಆಗಬಹುದು. ತಡೆಯುವ ವಾಲ್ವ್ ಇಲ್ಲದಿದ್ದರೆ ಎದ್ದು ಕೂರಬೇಕು.

ಇಷ್ಟಾಗಿ ಕೆಲಸದ ಜಾಗಕ್ಕೆ ಹೋದರೆ ಅಲ್ಲಿ ಲ್ಯಾಪ್‌ಟಾಪ್ ಇದೆ, ಅದರೊಳಗೆ ಬೆಂಗಳೂರು ಇದೆ. ಮ್ಯಾನೇಜರ್ ಬೆಂಗಳೂರು, ಬಡ್ತಿ ಕೊಡುವವರು ಬೆಂಗಳೂರು, ಸೋಮವಾರ ಹತ್ತಕ್ಕೆ 'ಇನ್ ಪರ್ಸನ್' ರಿವ್ಯೂ ಬೆಂಗಳೂರು. ಹೋಗುವುದು ಹೇಗೆ? 2023ರಲ್ಲಿ ಬಂದ ವಂದೇ ಭಾರತ್ ಬೆಳಿಗ್ಗೆ ಬೆಂಗಳೂರಿನಿಂದ ಹೊರಟು ಧಾರವಾಡ ಮುಟ್ಟಿ ಮಧ್ಯಾಹ್ನ ಮರಳುತ್ತದೆ, ಅಂದರೆ ಬೆಂಗಳೂರಿನವರು ಬಂದು ಹೋಗಲು. 2025ರಲ್ಲಿ ಬೆಳಗಾವಿಯಿಂದ ಬೆಳಿಗ್ಗೆ ಹೊರಡುವ ಇನ್ನೊಂದು ಬಂತು, ಅದು ಬೆಂಗಳೂರು ತಲುಪುವಾಗ ರಿವ್ಯೂ ಮುಗಿದು ಊಟವೂ ಮುಗಿದಿರುತ್ತದೆ. ಹುಬ್ಬಳ್ಳಿ ನಿಲ್ದಾಣದ ಪ್ಲಾಟ್‌ಫಾರ್ಮು 1,507 ಮೀಟರ್, ಜಗತ್ತಿನಲ್ಲೇ ಉದ್ದ. ಭಾನುವಾರ ರಾತ್ರಿ ಬ್ಯಾಗು ಹೊತ್ತು ನಿಂತ ಸಾಲು ನೋಡಿದರೆ ಅಷ್ಟುದ್ದ ಯಾಕೆ ಕಟ್ಟಿದರೆಂದು ತಿಳಿಯುತ್ತದೆ. ರೈಲಿನಲ್ಲಿ ವೇಟಿಂಗ್ ಲಿಸ್ಟ್ ಆದವರು ಸ್ಲೀಪರ್ ಬಸ್ಸಿನ ಮೇಲಿನ ಬರ್ತಿನಲ್ಲಿ, ಕರ್ಟನ್ ಎಳೆದು, ಮೊಬೈಲಿನಲ್ಲೇ ಪಿಪಿಟಿ ತಿದ್ದುತ್ತಾರೆ. ಮೊದಲ ಸ್ಲೈಡಿನ ತಲೆಬರಹ 'ಬಿಯಾಂಡ್ ಬೆಂಗಳೂರು: ನಮ್ಮ ಸಾಧನೆ'.

ಬಸ್ಸು ದಾವಣಗೆರೆ ದಾಟುವ ಹೊತ್ತಿಗೆ ಮಗ್ಗುಲ ಮನೆಯವರ ಫೋನು: "ನಳ ಬಂದೈತ್ರೀ. ನಿಮ್ಮ ಸಂಪು ತುಂಬಿ ಓಣಿ ತುಂಬ ನೀರು ಹರಿಯಾಕ್ಹತ್ತೈತಿ. ಕೀಲಿ ಯಾರ ಕಡೆ ಐತ್ರೀ?"