ಸತ್ಯಾಂಶ: ದವಡೆ ಮೂಳೆಯ ಸೋಂಕು ಲವಂಗದೆಣ್ಣೆಗೆ ವಾಸಿಯಾಗುವುದಿಲ್ಲ

ಲವಂಗದೆಣ್ಣೆ ಹಚ್ಚಿ, ಅರಿಶಿನ ಬೆರೆಸಿದ ಉಪ್ಪುನೀರು ಮುಕ್ಕಳಿಸಿದರೆ ಕೆಳದವಡೆಯ ಹಳೆಯ ಮೂಳೆ ಸೋಂಕು ವಾಸಿಯಾಗುತ್ತದೆ, ಆಪರೇಷನ್ ಬೇಡ ಎನ್ನುವ ವಾಟ್ಸಾಪ್ ಸಂದೇಶ ನಿಜವಲ್ಲ. ಲವಂಗದೆಣ್ಣೆ ಹಲ್ಲುನೋವನ್ನು ಸ್ವಲ್ಪ ಹೊತ್ತು ತಗ್ಗಿಸುತ್ತದೆ, ಅಷ್ಟೇ. ನೋವು ಇಳಿದದ್ದನ್ನೇ ಗುಣವೆಂದು ನಂಬಿ ತಿಂಗಳುಗಟ್ಟಲೆ ಕಾಯುವವರನ್ನು ನೆನೆದರೆ ಆತಂಕವಾಗುತ್ತದೆ.

ಕೆಳದವಡೆಯ ಮೂಳೆ ಬಹಳ ಗಟ್ಟಿ. ಅದಕ್ಕೆ ರಕ್ತ ಒದಗಿಸುವುದು ಪ್ರತಿ ಬದಿಯಲ್ಲೂ ಮುಖ್ಯವಾಗಿ ಒಂದೇ ರಕ್ತನಾಳ. ಹುಳುಕು ಹಲ್ಲಿನ ಬೇರಿನಿಂದ ಇಳಿದ ಸೋಂಕು ಒಳಗೆ ಕೀವು ಕಟ್ಟಿ ಒತ್ತಡ ಹೆಚ್ಚಿಸಿದಾಗ ರಕ್ತದ ಹರಿವು ಕುಗ್ಗಿ, ಮೂಳೆಯ ತುಣುಕುಗಳು ಸಾಯುತ್ತವೆ. ರಕ್ತವೇ ಹೋಗದ ಸತ್ತ ಮೂಳೆಗೆ ನುಂಗಿದ ಮಾತ್ರೆಯೂ ಸರಿಯಾಗಿ ತಲುಪದು. ಬಾಯಿ ಮುಕ್ಕಳಿಸಿದ ನೀರು ಹೇಗೆ ತಲುಪೀತು? ಅದಕ್ಕೇ ಶಸ್ತ್ರಚಿಕಿತ್ಸಕರು ಕಾರಣವಾದ ಹಲ್ಲನ್ನೂ ಸತ್ತ ಮೂಳೆಯನ್ನೂ ತೆಗೆದು, ರಕ್ತ ಒಸರುವ ಜೀವಂತ ಮೂಳೆ ಕಾಣುವವರೆಗೆ ಕೆರೆದು ಶುಚಿಗೊಳಿಸುತ್ತಾರೆ. ಜೊತೆಗೆ ಕಲ್ಚರ್ ಪರೀಕ್ಷೆ (ಸೋಂಕಿನ ರೋಗಾಣು ಯಾವುದೆಂದು ಬೆಳೆಸಿ ಗುರುತಿಸುವ ಪರೀಕ್ಷೆ) ನೋಡಿ ಕೊಡುವ ಆಂಟಿಬಯೋಟಿಕ್ ಹಲವು ವಾರ, ಸಾಮಾನ್ಯವಾಗಿ 6 ವಾರದಷ್ಟು ಬೇಕಾಗುತ್ತದೆ. ಸಕ್ಕರೆ ಕಾಯಿಲೆಯಿದ್ದರೆ ಅದೂ ಹತೋಟಿಗೆ ಬರಬೇಕು.

ಆರದ ಕೀವಿನ ರಂಧ್ರ, ಕೆಳತುಟಿಯಲ್ಲಿ ಜೋಮು ಕಂಡರೆ ತಡಮಾಡದೆ ದಂತವೈದ್ಯರಿಗೆ ತೋರಿಸಿ. ಆರಂಭದ ಎಕ್ಸ್‌ರೇಯಲ್ಲಿ ಏನೂ ಕಾಣದಿರಬಹುದು. ಆಗ ಸಿಟಿ ಸ್ಕ್ಯಾನ್ ಬೇಕಾಗಬಹುದು. ಮೂಳೆ ಸವೆತಕ್ಕೆ ಜೊಲೆಡ್ರೋನಿಕ್ ಆಸಿಡ್ ಇಂಜೆಕ್ಷನ್ ಪಡೆದವರು, ದವಡೆಗೆ ರೇಡಿಯೇಷನ್ ಆದವರು ಹಲ್ಲು ಕೀಳಿಸುವ ಮೊದಲೇ ಅದನ್ನು ಹೇಳಿಬಿಡಿ; ಅವರ ಚಿಕಿತ್ಸೆಯ ದಾರಿಯೇ ಬೇರೆ.