ಐರಿಷ್ ಕ್ರಿಯಾಪದದ ಜೋಡಿ ರೂಪ ಮೂಲ ಕೆಲ್ಟಿಕ್‌ನಲ್ಲೇ ಇತ್ತೇ?

ಪರ

ಮೂಲ ಕೆಲ್ಟಿಕ್ ಅಂದರೆ ಐರಿಷ್, ವೆಲ್ಷ್, ಗಾಲಿಷ್ ಭಾಷೆಗಳ ತಾಯಿ, ವಿದ್ವಾಂಸರು ಊಹಿಸಿ ಕಟ್ಟಿದ ಭಾಷೆ. ಹಳೆಯ ಐರಿಷ್‌ನಲ್ಲಿ ‘ಹೊರುತ್ತಾನೆ’ ಅನ್ನಲು ‘ಬೆರಿಧ್’. ಮುಂದೆ ನಿಷೇಧದ ‘ನೀ’ ಬಂದರೆ ಅದೇ ಪದ ‘ನೀ ಬೆರ್’ ಆಗುತ್ತದೆ, ಬಾಲ, ಅಂದರೆ ಕೊನೆಯ ಪ್ರತ್ಯಯ, ಮಾಯ. ಈ ಎರಡು ರೂಪಗಳೇ ಜೋಡಿ. ಸಂಸ್ಕೃತದ ‘ಭರತಿ’ ಇದಕ್ಕೆ ಒಡಹುಟ್ಟು, ಆದರೆ ‘ನ ಭರತಿ’ ಅಂದರೆ ಅಲ್ಲಿ ಏನೂ ಉದುರುವುದಿಲ್ಲ.

ಇದು ಬರೀ ಐರಿಷ್‌ನ ಚಾಳಿ ಅನ್ನುವವರು ಒಂದು ವೆಲ್ಷ್ ಗಾದೆಯನ್ನು ಬಾಯಿಬಿಟ್ಟು ಓದಬೇಕು: ‘ಟ್ರೆಂಗಿಡ್ ಗೊಲಿಡ್, ನಿ ಥ್ರೇಂಗ್ ಮೊಲಿಡ್’. ಐಶ್ವರ್ಯ ಅಳಿಯುತ್ತದೆ, ಹೊಗಳಿಕೆ ಅಳಿಯದು. ಒಂದೇ ಸಾಲಿನಲ್ಲಿ ಒಂದೇ ಕ್ರಿಯಾಪದ, ಎರಡು ರೂಪ! ಎಷ್ಟು ಸಲ ಓದಿದರೂ ನನಗೆ ಮೈ ಜುಮ್ಮೆನ್ನುತ್ತದೆ.

ಕಾರಣ ಏನು? ವಾಕ್ಯದ ಮೊದಲ ಪದಕ್ಕೆ ಒಂದು ಪುಟ್ಟ ಪದ ಅಂಟಿಕೊಳ್ಳುತ್ತಿತ್ತು ಅಂತ 1975ರಲ್ಲಿ ಭಾಷಾವಿಜ್ಞಾನಿ ವಾರೆನ್ ಕೌಗಿಲ್ ವಾದಿಸಿದರು. ಕ್ರಿಯಾಪದವೇ ಮೊದಲಿದ್ದರೆ ಪುಟ್ಟ ಪದ ಅದಕ್ಕೇ ಅಂಟಿ ಬಾಲ ಉಳಿಯಿತು, ‘ನೀ’ ಮೊದಲಿದ್ದರೆ ಪುಟ್ಟ ಪದ ಅದಕ್ಕೆ ಅಂಟಿತು, ಕ್ರಿಯಾಪದದ ಬಾಲ ಸವೆಯಿತು. ಹೀಗೆ ಅಂಟುವ ಅಭ್ಯಾಸ ಫ್ರಾನ್ಸಿನಲ್ಲೂ ಇತ್ತು. ಅಲ್ಲಿನ ಅಲೀಸ್-ಸ್ಯಾಂತ್-ರೆನ್ ಊರಿನ ಗಾಲಿಷ್ (ಪ್ರಾಚೀನ ಫ್ರಾನ್ಸಿನ ಕೆಲ್ಟಿಕ್ ಭಾಷೆ) ಕಲ್ಲಿನ ಮೇಲೆ ‘ದುಗಿಯೊಂತಿಯೊ’ ಅಂತಿದೆ. ಸೇವೆ ಮಾಡುವವರು ಅಂತ ಅರ್ಥ. ಕೊನೆಯ ‘ಯೊ’ ಕ್ರಿಯಾಪದದ ಬೆನ್ನಿಗೆ ಅಂಟಿದ ಬೇರೆ ಪದ. ಹಾಗಾದರೆ ಜೋಡಿ ರೂಪದ ಬೇರು ಮೂಲ ಭಾಷೆಯಲ್ಲೇ ಇದೆ.

ವಿರೋಧ

ಬೇರು ಇದ್ದಿರಬಹುದು, ಆದರೆ ಜೋಡಿ ಇತ್ತು ಅಂತ ಹೇಳಲು ಅಷ್ಟೇ ಸಾಲದು ಅಲ್ವಾ? ಆ ‘ಯೊ’ ಅಂಟುವ ಅಭ್ಯಾಸಕ್ಕೆ ಮಾತ್ರ ಸಾಕ್ಷಿ, ಬಾಲ ಸವೆದದ್ದಕ್ಕೆ ಅಲ್ಲ.

ಸ್ಪೇನಿನ ಜರಗೋಜಾ ಹತ್ತಿರದ ಬೋಟೊರ್ರಿಟದಲ್ಲಿ 1970ರಲ್ಲಿ ಒಂದು ಕಂಚಿನ ಫಲಕ ಸಿಕ್ಕಿತು. ಭಾಷೆ ಕೆಲ್ಟಿಬೇರಿಯನ್, ಅಂದರೆ ಸ್ಪೇನಿನ ಹಳೆಯ ಕೆಲ್ಟಿಕ್ ಭಾಷೆ, ಕಾಲ ಸುಮಾರು ಕ್ರಿ.ಪೂ. 1ನೇ ಶತಮಾನ. ಹಳೆಯ ಐರಿಷ್‌ನ ದೊಡ್ಡ ಆಧಾರವಾದ, ಲ್ಯಾಟಿನ್ ಗ್ರಂಥದಲ್ಲಿ ಐರಿಷ್‌ನಲ್ಲಿ ಬರೆದ ವ್ಯುರ್ಟ್ಸ್‌ಬುರ್ಗ್ ಟಿಪ್ಪಣಿಗಳು 8ನೇ ಶತಮಾನದವು. ಎಂಟು ನೂರು ವರ್ಷಕ್ಕೂ ಜಾಸ್ತಿ ಅಂತರ, ಸುಮ್ನೆ ದಾಟಿ ಹೋಗುವಂಥದ್ದಲ್ಲ.

ಆ ಫಲಕದಲ್ಲಿ ‘ಅಂಬಿತಿಸೆತಿ’ ಇದೆ, ‘ರೊಬಿಸೆತಿ’ ಇದೆ. ‘ಅಂಬಿ’ ಅಂದರೆ ಸುತ್ತ. ‘ರೊ’ ಕೂಡ ಮುಂದೆ ಸೇರುವ ಪ್ರತ್ಯಯವೇ, ಐರಿಷ್‌ನಲ್ಲೂ ಅದು ಇದೆ. ಮುಂದೆ ಇಂಥದ್ದು ಸೇರಿದರೆ ಐರಿಷ್ ಬಾಲವನ್ನು ಕತ್ತರಿಸುತ್ತದೆ. ಇಲ್ಲಿ ‘ತಿ’ ಪೂರ್ತಿ ಉಳಿದಿದೆ, ಥೇಟ್ ಭರತಿಯ ‘ತಿ’ ಹಾಗೆ. ಇನ್ನೊಂದು ವಿಷಯ, ಫಲಕದಲ್ಲಿ ಕ್ರಿಯಾಪದ ಹೆಚ್ಚಾಗಿ ವಾಕ್ಯದ ಕೊನೆಗೆ ಬರುತ್ತದೆ. ಕ್ರಿಯಾಪದ ಮೊದಲು ಬರದ ಭಾಷೆಯಲ್ಲಿ ಕೌಗಿಲ್ ಹೇಳಿದ ಪುಟ್ಟ ಪದ ಅದಕ್ಕೆ ಅಂಟುವುದು ಎಲ್ಲಿಂದ ಬಂತು?

ವೆಲ್ಷ್ ಗಾದೆ ನನಗೂ ಇಷ್ಟವೇ. ಆದರೆ ವೇಲ್ಸ್, ಐರ್ಲೆಂಡ್ ಸಮುದ್ರದ ಎರಡು ದಡದ ನೆರೆಹೊರೆ, ಇಬ್ಬರೂ ಸೇರಿ ಆಮೇಲೆ ಬೆಳೆಸಿಕೊಂಡ ಗುಣವನ್ನು ಸ್ಪೇನಿನ ಕೆಲ್ಟರ ಮೇಲೆ ಹೇರಬಾರದು. ಮೂಲ ಕೆಲ್ಟಿಕ್ ಪಟ್ಟಿಯಲ್ಲಿ ನಕ್ಷತ್ರ (ಊಹಿಸಿ ಕಟ್ಟಿದ ರೂಪದ ಗುರುತು) ಹಾಕಿ ‘ಬೆರೆತಿ’ ಒಂದನ್ನೇ ಬರೆಯಿರಿ, ಬಾಲವಿಲ್ಲದ ‘ಬೆರ್’ ಐರಿಷ್‌ನ ಪುಟದಲ್ಲೇ ಇರಲಿ.